ತೆರೆಯುವ ಮುನ್ನವೇ ಮುಚ್ಚಿಕೊಳ್ಳುವ ತಂತ್ರಾಂಶ

ಮನೆಯ ಗಣಕಯಂತ್ರದ ಪರದೆಯ ಮೇಲಿನ ಒಂದು ಚಿತ್ರವನ್ನು ಒತ್ತಿದೊಡನೆ ತಂತ್ರಾಂಶದ ಹೆಸರು ಕ್ಷಣಕಾಲ ಮಿಂಚಿ, ಕಿಟಕಿಯು ಅರೆಬರೆಯಾಗಿ ಮೂಡಿ, ಏನೂ ನಡೆಯಲೇ ಇಲ್ಲವೆಂಬಂತೆ ಎಲ್ಲವೂ ಮಾಯವಾಗುವದುಂಟು. ಎರಡನೆಯ ಸಲ ಒತ್ತಿದರೂ ಅದೇ ಗತಿ. ಹತ್ತನೆಯ ಸಲ ಒತ್ತಿದರೂ ಅದೇ ಗತಿ. ಲಿನಕ್ಸ್ ವ್ಯವಸ್ಥೆಯನ್ನು ಮನೆಯಲ್ಲಿರಿಸಿಕೊಂಡ ವಾಚಕರಿಂದ ಈ ವಿಷಯದ ಪ್ರಶ್ನೆಗಳು ಈಚೆಗೆ ಹೆಚ್ಚಾಗಿ ಬರುತ್ತಿರುವವು. ಕಾರಣವು ಗೂಢವಾದುದಲ್ಲ. ೨೦೨೫ನೆಯ ಇಸವಿಯ ಅಕ್ಟೋಬರ ೧೪ರಂದು ವಿಂಡೋಸ್ ೧೦ಕ್ಕೆ ಅದರ ಕರ್ತೃಗಳು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು ಮುಗಿಯಿತು. ಮುಂದಿನ ಆವೃತ್ತಿಯ ಭಾರವನ್ನು ಹೊರಲಾರದ ಹಳೆಯ ಯಂತ್ರಗಳನ್ನು ಬಿಸಾಡಲು ಮನಸ್ಸು ಬಾರದ ಗೃಹಸ್ಥರು ಅವುಗಳಲ್ಲಿ ಲಿನಕ್ಸನ್ನು ಹಾಕಿಸಿಕೊಂಡರು. ಇದು ಮೆಚ್ಚತಕ್ಕ ಮಾತೇ ಸರಿ. ೧೯೯೧ರಲ್ಲಿ ಫಿನ್‌ಲಂಡ್ ದೇಶದ ಲೀನಸ್ ಟೋರ್‌ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಈ ವ್ಯವಸ್ಥೆಯು ನಮ್ಮವರಿಗೆ ತೀರ ಹೊಸತೂ ಅಲ್ಲ. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತುಗಳಲ್ಲಿ ಉಬುಂಟು ಎಂಬ ಲಿನಕ್ಸನ್ನೇ ಬಳಸಿದರು. ಕೇರಳ ರಾಜ್ಯವು ತನ್ನ ಶಾಲೆಗಳಲ್ಲಿ ಇದನ್ನೇ ನೆಲೆಗೊಳಿಸಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಗಣಕವಿದ್ಯೆಯನ್ನು ಲಿನಕ್ಸಿನಲ್ಲಿಯೇ ಕಲಿಯುವರು.

ಮೊದಲು ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರಗಳಲ್ಲಿ ಬರೆಯಲಾಗಿದೆ. ಯಂತ್ರದಲ್ಲಿ ಅವನ್ನು ಇಂಗ್ಲೀಷಿನ ಚಿಕ್ಕ ಅಕ್ಷರಗಳಿಂದ ಬೆರಳಚ್ಚಿಸತಕ್ಕದ್ದು. ಚಿಕ್ಕ ಅಕ್ಷರ ದೊಡ್ಡ ಅಕ್ಷರಗಳು ಲಿನಕ್ಸಿನ ದೃಷ್ಟಿಯಲ್ಲಿ ಒಂದೇ ಅಲ್ಲ.

ತಂತ್ರಾಂಶವೊಂದು ತೆರೆಯುವದೆಂದರೆ ಒಂದೇ ಕ್ರಿಯೆಯಲ್ಲ. ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಮನೆಗಳನ್ನು ಕಂಡವರಿಗೆ ಇದನ್ನು ತಿಳಿಸುವದು ಸುಲಭ. ಲಾಳಿಯು ಓಡುವದಕ್ಕಿಂತ ಮೊದಲು ಹಾಸನ್ನು ಹೂಡಬೇಕು, ಎಳೆ ಎಳೆಯನ್ನೂ ಅಣಿಗಳಲ್ಲಿ ಪೋಣಿಸಬೇಕು, ಬಿಗಿತವನ್ನು ಸರಿಪಡಿಸಬೇಕು. ಅದರಂತೆ ತಂತ್ರಾಂಶವೂ ಮೊದಲು ತನಗೆ ಬೇಕಾದ ಸಹಾಯಕ ಗ್ರಂಥಾಲಯಗಳನ್ನು ಕರೆತರುವದು, ಆ ಮೇಲೆ ಒಡೆಯನ ಇಷ್ಟಾನಿಷ್ಟಗಳನ್ನು ಬರೆದಿಟ್ಟ ಹೊಂದಿಕೆಯ ಕಡತಗಳನ್ನು ಓದುವದು, ಅಕ್ಷರರೂಪಗಳನ್ನು ಹುಡುಕುವದು, ಪರದೆಯ ಮೇಲೆ ಚಿತ್ರ ಬಿಡಿಸುವ ಯಂತ್ರಾಂಗದೊಡನೆ ಮಾತಾಡುವದು, ಕೊನೆಗೆ ಕಿಟಕಿಯನ್ನು ತೆರೆಯುವದು. ಈ ಸಾಲಿನಲ್ಲಿ ಎಲ್ಲಿ ಎಳೆ ತುಂಡಾದರೂ ನಮಗೆ ಕಾಣುವ ಲಕ್ಷಣ ಒಂದೇ: ಮುಚ್ಚಿಹೋಯಿತು.

ಮುಚ್ಚಿಹೋಗುವದು ಯಾವಾಗಲೂ ಯಂತ್ರದ ಅವಿವೇಕವೂ ಅಲ್ಲ. ಹೊಕ್ಕಿನ ನೂಲು ತುಂಡಾದಾಗ ತಾನಾಗಿ ನಿಲ್ಲುವ ಏರ್ಪಾಡುಳ್ಳ ವಿದ್ಯುತ್ ಮಗ್ಗವು ನಿಂತರೆ ನೇಕಾರನು ಮಗ್ಗವನ್ನು ಬಯ್ಯುವದಿಲ್ಲ. ನಿಲ್ಲದೆ ಹೋಗಿದ್ದರೆ ಸೀರೆ ಕೆಡುತ್ತಿತ್ತೆಂಬದನ್ನು ಅವನು ಬಲ್ಲನು. ಲಿನಕ್ಸಿನ ತಿರುಳಾದ ಕರ್ನೆಲ್ ಎಂಬದೂ ಹಾಗೆಯೇ. ಒಂದು ತಂತ್ರಾಂಶವು ತನಗೆ ಕೊಟ್ಟ ಸ್ಮೃತಿಯ ಮೇರೆಯನ್ನು ದಾಟಿ ಅನ್ಯರ ಹೊಲಕ್ಕೆ ಕಾಲಿಟ್ಟರೆ, ೧೧ನೆಯ ಸಂಕೇತವನ್ನು ಕಳಿಸಿ ಅದನ್ನು ಅಲ್ಲಿಯೇ ನಿಲ್ಲಿಸುವದು. ಸೆಗ್ಮೆಂಟೇಶನ್ ಫಾಲ್ಟ್ ಎಂಬ ಭೀಕರ ಹೆಸರಿನ ಅರ್ಥ ಇಷ್ಟೇ.

ಈಗ ಮುಖ್ಯವಾದ ಎಚ್ಚರಿಕೆ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಎರಡು ಕೆಲಸಗಳಿವೆ. ಒಂದನೆಯದು ತಂತ್ರಾಂಶವನ್ನು ಕಿತ್ತು ಮತ್ತೆ ಹಾಕುವದು. ಎರಡನೆಯದು ಇಡೀ ಯಂತ್ರವನ್ನು ಒರಸಿ ಹೊಸದಾಗಿ ವ್ಯವಸ್ಥೆಯನ್ನು ತುಂಬುವದು. ಒಂದನೆಯದು ಅನೇಕ ವೇಳೆ ನಿಷ್ಫಲ. ಎರಡನೆಯದು ಕೆಲವು ವೇಳೆ ಸರ್ವನಾಶ. ಏಕೆಂದರೆ ಲಿನಕ್ಸಿನಲ್ಲಿ ತಂತ್ರಾಂಶವು ವಾಸಿಸುವ ಸ್ಥಳ ಬೇರೆ, ನಿಮ್ಮ ಬರೆಹಗಳು ವಾಸಿಸುವ ಸ್ಥಳ ಬೇರೆ. ತಂತ್ರಾಂಶವು ವ್ಯವಸ್ಥೆಯ ಸಾರ್ವಜನಿಕ ಕೋಶಗಳಲ್ಲಿರುವದು. ನಿಮ್ಮ ಲೆಕ್ಕ, ಪತ್ರ, ಚಿತ್ರಗಳು ಹೋಮ್ ಎಂಬ ನಿಮ್ಮ ಸ್ವಂತ ಮನೆಯಲ್ಲಿರುವವು. ಹೊಂದಿಕೆಯ ಕಡತಗಳೂ ಅದೇ ಮನೆಯಲ್ಲಿ, ಹೆಸರಿನ ಮೊದಲಿಗೆ ಒಂದು ಚುಕ್ಕೆಯನ್ನಿಟ್ಟುಕೊಂಡು ಅಡಗಿರುವವು. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದರೆ ಸಾಮಾನ್ಯವಾಗಿ ಈ ಅಡಗಿದ ಕಡತಗಳಿಗೆ ಯಾರೂ ಕೈ ಹಚ್ಚುವದಿಲ್ಲ. ದೋಷವು ಅವುಗಳಲ್ಲಿದ್ದರೆ ಹೊಸ ತಂತ್ರಾಂಶವು ಹಳೆಯ ವಿಷವನ್ನೇ ಕುಡಿದು ಹಾಗೆಯೇ ಬೀಳುವದು. ಕಾರಣ, ಯಾವ ಚಿಕಿತ್ಸೆಗೂ ಮುನ್ನ ಹೋಮ್ ಕೋಶದಲ್ಲಿರುವ ನಿಮ್ಮ ಬರೆಹಗಳ ಒಂದು ಪ್ರತಿಯನ್ನು ಹೊರಗಿನ ಒಂದು ಡಿಸ್ಕಿಗೋ ಪೆನ್‌ಡ್ರೈವಿಗೋ ತೆಗೆದಿರಿಸಿಕೊಳ್ಳಿರಿ. ಬರೆಹವನ್ನು ತೆರೆಯುವ ತಂತ್ರಾಂಶ ಕೆಟ್ಟಿದ್ದರೂ ಬರೆಹದ ಕಡತವನ್ನು ನಕಲು ಮಾಡಲು ಅಡ್ಡಿಯಿಲ್ಲ. ಕನ್ನಡಕ ಒಡೆದರೆ ಪುಸ್ತಕ ಹರಿಯುವದಿಲ್ಲವಷ್ಟೆ.

ಬನಹಟ್ಟಿಯ ಒಂದು ಮನೆಯವರು ಹೋದ ವರುಷ ನನ್ನಲ್ಲಿಗೆ ಬಂದಿದ್ದರು. ಮಗ್ಗಗಳಿಗೆ ನೂಲು ಕೊಟ್ಟು ಸೀರೆ ಪಡೆಯುವ ವ್ಯವಹಾರದವರು. ಯಾವ ಮನೆಗೆ ಎಷ್ಟು ನೂಲು ಹೋಯಿತು, ಎಷ್ಟು ಸೀರೆ ಮರಳಿತು, ಯಾರ ಮುಂಗಡ ಎಷ್ಟು ಉಳಿಯಿತು ಎಂಬ ಮೂರು ವರುಷದ ಖಾತೆಯನ್ನು ಮನೆಯ ಸೊಸೆಯು ಗಣಕಯಂತ್ರದಲ್ಲಿ ಏರಿಸಿದ್ದಳು. ಕಾಗದದ ಖಾತೆಯನ್ನು ಇಡುವದನ್ನು ಆ ಮೇಲೆ ಬಿಟ್ಟುಬಿಟ್ಟಿದ್ದರು. ದೀಪಾವಳಿಯ ಲೆಕ್ಕ ಮುಗಿಸುವ ವೇಳೆಗೆ ಖಾತೆಯ ತಂತ್ರಾಂಶವು ತೆರೆಯದಾಯಿತು. ಅಂಗಡಿಯವನೊಬ್ಬನು ನೋಡಿ, ಇಡೀ ಡಿಸ್ಕನ್ನು ಒರಸದೆ ಗತ್ಯಂತರವಿಲ್ಲವೆಂದು ಹೇಳಿ, ಮರುದಿನ ಬರುವೆನೆಂದು ಹೋಗಿದ್ದನು. ಮುಂಗಡ ಪಡೆದ ನೇಕಾರರು ಇಪ್ಪತ್ತಕ್ಕೂ ಹೆಚ್ಚು ಮನೆಯವರು. ಅವರಲ್ಲಿ ಕೆಲವರು ತೀರಿಸಿದ್ದುದಕ್ಕೆ ಆ ಖಾತೆಯ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಖಾತೆ ಅಳಿದರೆ ಯಜಮಾನನಿಗೆ ಹಣದ ನಷ್ಟ; ತೀರಿಸಿದ ಬಡ ನೇಕಾರನಿಗೆ ಎರಡನೆಯ ಸಲ ತೀರಿಸುವ ಭಯ. ಆ ಸೊಸೆಯ ಕಣ್ಣಲ್ಲಿ ನೀರು ತುಂಬಿತ್ತು. ತಪ್ಪು ತನ್ನದೆಂದು ಆಕೆ ತಿಳಿದಿದ್ದಳು.

ಪರೀಕ್ಷೆಗಳ ಕ್ರಮವನ್ನು ಹೇಳಿ ಆ ಮೇಲೆ ಆ ಮನೆಯ ಯಂತ್ರಕ್ಕೆ ಬರುವೆನು. ನಮ್ಮ ಶಾಸ್ತ್ರಗಳಲ್ಲಿ ಸೂಚೀಕಟಾಹ ನ್ಯಾಯವೆಂಬದೊಂದುಂಟು. ಕಮ್ಮಾರನ ಹತ್ತಿರ ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಸಲು ಬಂದರೆ ಅವನು ಮೊದಲು ಸೂಜಿಯನ್ನು ಮಾಡಿ ಮುಗಿಸುವನು. ಸಣ್ಣ ಪರೀಕ್ಷೆ ಮೊದಲು, ದೊಡ್ಡದು ಅನಂತರ.

ಆದುದರಿಂದ ಮೊದಲಿಗೆ ತಂತ್ರಾಂಶವನ್ನು ಚಿತ್ರ ಒತ್ತಿ ತೆರೆಯದೆ, ಟರ್ಮಿನಲ್ ಎಂಬ ಕರಿಯ ಕಿಟಕಿಯಲ್ಲಿ ಅದರ ಹೆಸರನ್ನು ಬೆರಳಚ್ಚಿಸಿ ತೆರೆಯಿರಿ. ಚಿತ್ರವನ್ನು ಒತ್ತಿದಾಗ ತಂತ್ರಾಂಶವು ಸಾಯುವ ಮುನ್ನ ಆಡಿದ ಕಡೆಯ ಮಾತು ನಮಗೆ ಕೇಳಿಸುವದಿಲ್ಲ. ಟರ್ಮಿನಲಿನಲ್ಲಿ ಅದು ಬರೆಹವಾಗಿ ಉಳಿಯುವದು. ಆ ಮಾತನ್ನು ಒಂದಕ್ಷರ ಬಿಡದೆ ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ. "ಏನೋ ಎರರ್ ಬಂತು" ಎಂದು ಹೇಳುವವರಿಗೆ ಯಾವ ವೈದ್ಯನೂ ನೆರವಾಗಲಾರನು.

ಆ ಮಾತುಗಳಲ್ಲಿ ಪದೇ ಪದೇ ಕಾಣುವವು ಕೆಲವೇ. ಷೇರ್ಡ್ ಲೈಬ್ರರಿಯೊಂದನ್ನು ತೆರೆಯಲಾಗಲಿಲ್ಲ, ಅಂಥ ಕಡತವಿಲ್ಲ ಎಂದಿದ್ದರೆ ಸಹಾಯಕ ಗ್ರಂಥಾಲಯವೊಂದು ಕಾಣೆಯಾಗಿದೆ. ತಂತ್ರಾಂಶದ ಪೂರ್ಣ ವಿಳಾಸದ ಮುಂದೆ ಎಲ್‌ಡಿಡಿ ಎಂಬ ಆಜ್ಞೆಯನ್ನಿಟ್ಟು ಕೇಳಿದರೆ, ಬೇಕಾದ ಗ್ರಂಥಾಲಯಗಳ ಪಟ್ಟಿ ಬಂದು, ಇಲ್ಲದ್ದರ ಎದುರಿಗೆ 'ನಾಟ್ ಫೌಂಡ್' ಎಂದು ತೋರುವದು. ಅದನ್ನು ಒದಗಿಸಿದರೆ ಆಯಿತು. ಆದರೆ ಗುರುತಿಲ್ಲದ ಕಡೆಯಿಂದ ತಂದ ತಂತ್ರಾಂಶದ ಮೇಲೆ ಎಲ್‌ಡಿಡಿಯನ್ನು ಪ್ರಯೋಗಿಸಬಾರದು. ಕೆಲವು ಸಂದರ್ಭಗಳಲ್ಲಿ ಅದು ಆ ತಂತ್ರಾಂಶವನ್ನೇ ಓಡಿಸಿಬಿಡುವದು. ಕೇವಲ 'ಕಿಲ್ಡ್' ಎಂಬೊಂದೇ ಶಬ್ದವಿದ್ದರೆ ಬಹುಶಃ ಸ್ಮೃತಿಯ ಕೊರತೆ. ಹಳೆಯ ಯಂತ್ರದಲ್ಲಿ ಬ್ರೌಸರಿನ ಮೂವತ್ತು ಪುಟಗಳನ್ನು ತೆರೆದಿಟ್ಟು ಇನ್ನೊಂದನ್ನು ತೆರೆಯಹೋದರೆ ಹೀಗಾಗುವದು. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದಿದ್ದರೆ ಹೊಸ ತಂತ್ರಾಂಶದ ಭಾಷೆ ಹಳೆಯ ಪ್ರೊಸೆಸರಿಗೆ ತಿಳಿಯಲಿಲ್ಲವೆಂದು ಊಹಿಸಬಹುದು. ಅದಕ್ಕೆ ಹಳೆಯ ಆವೃತ್ತಿಯೇ ಮದ್ದು.

'ಪರ್ಮಿಶನ್ ಡಿನೈಡ್' ಎಂಬದರ ಹಿಂದೆ ಒಂದು ಸ್ವಾರಸ್ಯವುಂಟು. ಯಾವುದಾದರೂ ತೆರೆಯದಿದ್ದಾಗ ಸುಡೂ ಎಂಬ ಆಜ್ಞೆಯನ್ನು ಮುಂದಿಟ್ಟು, ವ್ಯವಸ್ಥೆಯ ಯಜಮಾನನಾದ ರೂಟ್ ಎಂಬವನ ಅಧಿಕಾರದಿಂದ ತೆರೆಯುವ ಚಪಲವು ಕೆಲವರಿಗಿದೆ. ಹಾಗೆ ಒಮ್ಮೆ ತೆರೆದಾಗ ನಿಮ್ಮ ಮನೆಯೊಳಗಿನ ಹೊಂದಿಕೆಯ ಕಡತಗಳಿಗೆ ರೂಟನೇ ಒಡೆಯನಾಗಿ ಕುಳಿತುಕೊಳ್ಳಬಹುದು. ಮರುದಿನ ನಿಮ್ಮ ಕಡತ ನಿಮಗೇ ತೆರೆಯದು. ಆ ಆಜ್ಞೆಯನ್ನು ಕನ್ನಡದಲ್ಲಿ ಹ್ರಸ್ವವಾಗಿ ಓದಿದರೆ 'ಸುಡು' ಎಂದಾಗುವದು, ಅನರ್ಥಕಾರಿಯಾದರೂ ಅನ್ವರ್ಥನಾಮ. ಪರಿಹಾರವೇನೆಂದರೆ, ಎಲ್‌ಎಸ್ -ಎಲ್ ಎಂಬ ಆಜ್ಞೆಯಿಂದ ಒಡೆತನವನ್ನು ನೋಡಿ, ಚೌನ್ ಎಂಬ ಆಜ್ಞೆಯಿಂದ ಅದನ್ನು ನಿಮ್ಮ ಹೆಸರಿಗೆ ಮರಳಿ ಬರೆಯಿಸಿಕೊಳ್ಳುವದು.

ಇನ್ನು ಬನಹಟ್ಟಿಯ ಯಂತ್ರ. ಟರ್ಮಿನಲಿನಲ್ಲಿ ತೆರೆದಾಗ ಬಂದ ಮಾತು 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂಬದಾಗಿತ್ತು. ಡಿಎಫ್ -ಎಚ್ ಎಂದು ಕೇಳಿದೆವು. ಡಿಸ್ಕು ನೂರಕ್ಕೆ ನೂರು ತುಂಬಿತ್ತು. ಮನೆಯ ಮದುವೆಯೊಂದರ ಚಲಚ್ಚಿತ್ರಗಳೂ ಮೂವರ ಫೋನುಗಳ ನಕಲುಗಳೂ ಅದನ್ನು ನುಂಗಿದ್ದವು. ಡಿಸ್ಕು ತುಂಬಿದ್ದರೆ ಯಂತ್ರವಾದರೂ ಹೇಗೆ ನಡೆಯುತ್ತಿತ್ತೆಂದು ಆ ಮನೆಯ ಹುಡುಗನು ಕೇಳಿದನು, ಒಳ್ಳೆಯ ಪ್ರಶ್ನೆ. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಸುವ ಎಕ್ಸ್ಟ್ ೪ ಎಂಬ ಕಡತವ್ಯವಸ್ಥೆಯು, ಬೇರೆ ರೀತಿ ಹೇಳದಿದ್ದರೆ, ನೂರಕ್ಕೆ ೫ ಅಂಶ ಜಾಗವನ್ನು ರೂಟನಿಗಾಗಿ ಕಾಯ್ದಿರಿಸುವದು. ಕಾರಣ ವ್ಯವಸ್ಥೆಯು ಉಸಿರಾಡುತ್ತಿರುವದು, ನಮ್ಮ ತಂತ್ರಾಂಶಗಳಿಗೆ ಮಾತ್ರ ಕಾಲಿಡಲು ಎಡೆಯಿರುವದಿಲ್ಲ. ಬಹಳ ತಂತ್ರಾಂಶಗಳು ತೆರೆಯುವಾಗಲೇ ಏನನ್ನಾದರೂ ಬರೆಯಬಯಸುವವು.

ಮೊದಲು ಖಾತೆಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ತೋರಿಸಿದಾಗ ಮೂರು ವರುಷದ ಲೆಕ್ಕವು ಸಾಲು ಸಾಲಾಗಿ ನಿಂತಿತು. ಆ ಮೇಲೆ ಮದುವೆಯ ಚಿತ್ರಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ ಜಾಗವನ್ನು ತೆರವು ಮಾಡಿದೆವು. ಆದರೂ ತಂತ್ರಾಂಶವು ತೆರೆಯಲಿಲ್ಲ! ಈ ಸಲ ಕಡೆಯ ಮಾತು ಬೇರೆಯಾಗಿತ್ತು.

ಇಲ್ಲಿ ಅನ್ವಯ ವ್ಯತಿರೇಕಗಳ ಪರೀಕ್ಷೆ ಬೇಕಾಯಿತು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ ಎಂಬೆರಡನ್ನೂ ಕಂಡ ಮೇಲೆಯೇ ತಾರ್ಕಿಕನು ಸಂಬಂಧವನ್ನು ಒಪ್ಪುವನು. ಯಂತ್ರದಲ್ಲಿ ಇದನ್ನು ಮಾಡುವ ಬಗೆ ಹೀಗೆ: ಹೊಂದಿಕೆಗಳ ಪುಟಕ್ಕೆ ಹೋಗಿ ಹೊಸದೊಂದು ಬಳಕೆದಾರನ ಹೆಸರನ್ನು ಸೃಷ್ಟಿಸಿ, ಆ ಹೆಸರಿನಿಂದ ಪ್ರವೇಶಿಸಿ ಅದೇ ತಂತ್ರಾಂಶವನ್ನು ತೆರೆಯಿರಿ. ಅಲ್ಲಿ ತೆರೆದರೆ ತಂತ್ರಾಂಶವು ನಿರ್ದೋಷಿ, ದೋಷವು ನಿಮ್ಮ ಸ್ವಂತ ಹೊಂದಿಕೆಯ ಕಡತಗಳಲ್ಲಿದೆ. ಅಲ್ಲಿಯೂ ತೆರೆಯದಿದ್ದರೆ ದೋಷವು ತಂತ್ರಾಂಶದಲ್ಲಿ ಅಥವಾ ವ್ಯವಸ್ಥೆಯಲ್ಲಿದೆ. ಹತ್ತು ನಿಮಿಷದ ಈ ಒಂದು ಪರೀಕ್ಷೆಯು ಅರ್ಧದಷ್ಟು ಸಂಶಯಗಳನ್ನು ಕಡಿದುಹಾಕುವದು. ಯಂತ್ರವನ್ನು ಆರಿಸಿ ಹಚ್ಚಿದೊಡನೆ ಒಮ್ಮೊಮ್ಮೆ ಸರಿಹೋಗುವದುಂಟು. ಅದು ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದಂಥ ಕಾಕತಾಲೀಯವೂ ಆಗಿರಬಹುದು, ಅದರಿಂದ ಯಾವ ಜ್ಞಾನವೂ ಸಿಕ್ಕದು.

ಬನಹಟ್ಟಿಯ ಯಂತ್ರದಲ್ಲಿ ಹೊಸ ಹೆಸರಿನಡಿಯಲ್ಲಿ ತಂತ್ರಾಂಶವು ಸುಖವಾಗಿ ತೆರೆಯಿತು. ಹಾಗಾದರೆ ದೋಷವು ಹೊಂದಿಕೆಯಲ್ಲಿ. ಡಾಟ್ ಕಾನ್ಫಿಗ್ ಎಂಬ ಅಡಗಿದ ಕೋಶವನ್ನು ನೋಡಿದರೆ, ತಂತ್ರಾಂಶದ ಹೊಂದಿಕೆಯ ಕಡತವೊಂದರ ಗಾತ್ರ ಸೊನ್ನೆ! ಜಾಗವಿಲ್ಲದಾಗ ಅದನ್ನು ಮತ್ತೆ ಬರೆಯಹೋಗಿ, ಹಳೆಯದು ಅಳಿದು ಹೊಸದು ಬರೆಯಲ್ಪಡದೆ ಉಳಿದಿತ್ತು. ವಿದ್ಯುತ್ತು ಹಠಾತ್ತಾಗಿ ಹೋದಾಗಲೂ ಹೀಗಾಗಬಲ್ಲದು. ೨೦೦೯ರಲ್ಲಿ ಎಕ್ಸ್ಟ್ ೪ ಬಳಕೆಗೆ ಬಂದ ಹೊಸದರಲ್ಲಿ ಇಂಥ ಸೊನ್ನೆ ಗಾತ್ರದ ಕಡತಗಳ ವಿಷಯವಾಗಿ ದೊಡ್ಡ ಗದ್ದಲವೆದ್ದು, ಅದೇ ವರುಷ ಕರ್ನೆಲಿನಲ್ಲಿ ತಿದ್ದುಪಡಿಗಳಾದವು. ಆದರೂ ಅಪಾಯವು ಪೂರ್ಣವಾಗಿ ಅಳಿದಿಲ್ಲ. ನಮ್ಮ ಕಡೆಯಲ್ಲಿ ಗಣಕಯಂತ್ರಕ್ಕೆ ಒಂದು ಯುಪಿಎಸ್ ಇರಿಸುವದು ಚೈನಿಯಲ್ಲ.

ಆ ಹೊಂದಿಕೆಯ ಕೋಶವನ್ನು ಅಳಿಸಲಿಲ್ಲ. ಅದರ ಹೆಸರಿನ ಕೊನೆಗೆ 'ಹಳೆಯ' ಎಂಬ ಅರ್ಥದ ಒಂದು ಬಾಲವನ್ನು ಸೇರಿಸಿ ಹೆಸರನ್ನು ಬದಲಿಸಿದೆವು. ಎಮ್‌ವಿ ಎಂಬ ಆಜ್ಞೆಯು ಇದನ್ನು ಮಾಡುವದು. ತಂತ್ರಾಂಶವು ತನ್ನ ಕೋಶವನ್ನು ಕಾಣದೆ ಹೊಸದೊಂದನ್ನು ಕಟ್ಟಿಕೊಂಡು ತೆರೆಯಿತು. ಅಳಿಸುವದಕ್ಕೂ ಹೆಸರು ಬದಲಿಸುವದಕ್ಕೂ ಇರುವ ಅಂತರವನ್ನು ವಾಚಕರು ಲಕ್ಷ್ಯದಲ್ಲಿಡಬೇಕು: ಪರೀಕ್ಷೆಯು ಸುಳ್ಳಾದರೆ ಹಳೆಯ ಹೆಸರನ್ನು ಮರಳಿ ಕೊಟ್ಟು ಮೊದಲಿನಂತೆ ಮಾಡಬಹುದು. ಆಯುರ್ವೇದದ ನಿದಾನಪಂಚಕದಲ್ಲಿ ಉಪಶಯವೆಂಬದು ಇಂಥದೇ. ಆಹಾರವನ್ನೋ ಔಷಧವನ್ನೋ ಕೊಟ್ಟು ನೋಡಿ, ಹಿತವಾಯಿತೋ ಅಹಿತವಾಯಿತೋ ಎಂಬದರಿಂದ ರೋಗವನ್ನು ಗುರುತಿಸುವದು. ಅದಕ್ಕೆ ಕೊಡುವ ಪ್ರಮಾಣ ಸೌಮ್ಯವಾಗಿರಬೇಕಷ್ಟೆ.

ಕೆಲವು ತಂತ್ರಾಂಶಗಳು ಈ ಪರೀಕ್ಷೆಗೆ ತಾವೇ ಬಾಗಿಲು ತೆರೆದಿಟ್ಟಿವೆ. ಲಿಬ್ರೆಆಫೀಸಿಗೆ ೨೦೧೭ರ ೫.೩ನೆಯ ಆವೃತ್ತಿಯಿಂದ ಸೇಫ್ ಮೋಡ್ ಎಂಬ ಏರ್ಪಾಡಿದ್ದು, ತಾತ್ಕಾಲಿಕ ಹೊಂದಿಕೆಯಿಂದ ತೆರೆದು, ಹಳೆಯದನ್ನು ದುರಸ್ತು ಮಾಡುವ ಮಾರ್ಗಗಳನ್ನು ತೋರುವದು. ಫೈರ್‌ಫಾಕ್ಸಿನಲ್ಲಿ ಬೇರೊಂದು ಪ್ರೊಫೈಲನ್ನು ಸೃಷ್ಟಿಸಿ ತೆರೆಯಬಹುದು. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಪೊಟ್ಟಣಗಳಾಗಿ ಬಂದ ತಂತ್ರಾಂಶಗಳು ತಮ್ಮ ಹೊಂದಿಕೆಯನ್ನು ಬೇರೆ ಕೋಶಗಳಲ್ಲಿ ಇಡುವದರಿಂದ ಹುಡುಕುವಾಗ ಮೋಸಹೋಗಬಾರದು.

ಹೊಸ ಹೆಸರಿನಲ್ಲಿಯೂ ತೆರೆಯದಿದ್ದರೆ ಚಿತ್ರ ಬಿಡಿಸುವ ಯಂತ್ರಾಂಗದ ಮೇಲೆ ಸಂಶಯಪಡುವದು ಯುಕ್ತ. ವ್ಯವಸ್ಥೆಯನ್ನು ನವೀಕರಿಸಿದ ಮರುದಿನವೇ ತೊಂದರೆ ತೊಡಗಿದ್ದರಂತೂ ವಿಶೇಷವಾಗಿ. ಪ್ರವೇಶದ ಪುಟದಲ್ಲಿ ವೇಲ್ಯಾಂಡ್, ಎಕ್ಸ್ ೧೧ ಎಂಬೆರಡು ಬಗೆಗಳಿಗೆ ಎಡೆಯಿದ್ದರೆ ಒಂದನ್ನು ಬಿಟ್ಟು ಇನ್ನೊಂದರಿಂದ ಪ್ರವೇಶಿಸಿ ನೋಡಬಹುದು. ಇದರ ವಿಸ್ತಾರವು ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ.

ಕನ್ನಡಿಗರು ತಪ್ಪದೆ ಮಾಡಬೇಕಾದ ಒಂದು ಪರೀಕ್ಷೆಯನ್ನು ಮಾತ್ರ ಬಿಡಲಾರೆನು. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿಕೊಂಡಿದ್ದರೆ, ತಂತ್ರಾಂಶದ ಹೆಸರಿನ ಹಿಂದೆ ಎಲ್‌ಸಿ, ಕೆಳಗೆರೆ, ಎಎಲ್‌ಎಲ್, ಸಮಚಿಹ್ನೆ, ಸಿ ಎಂದು ದೊಡ್ಡ ಅಕ್ಷರಗಳಲ್ಲಿ ನಡುವೆ ತೆರವಿಲ್ಲದಂತೆ ಬೆರಳಚ್ಚಿಸಿ, ಆ ಮೇಲೆ ಒಂದು ತೆರವನ್ನು ಬಿಟ್ಟು ತಂತ್ರಾಂಶದ ಹೆಸರನ್ನು ಕೊಟ್ಟು ತೆರೆಯಿರಿ. ಆ ಒಂದು ಸಲದ ಮಟ್ಟಿಗೆ ತಂತ್ರಾಂಶವು ಕನ್ನಡವನ್ನು ಬಿಟ್ಟು ಯಂತ್ರದ ಮೂಲ ಭಾಷಾರೀತಿಯಿಂದ ನಡೆಯುವದು. ಹಾಗೆ ತೆರೆದರೆ ದೋಷವು ಭಾಷಾಂತರದಲ್ಲಿಯೋ ಭಾಷೆಯ ಹೊಂದಿಕೆಯಲ್ಲಿಯೋ ಇದೆ. ಇದು ಬರಿಯ ಊಹೆಯಲ್ಲವೆಂಬದಕ್ಕೆ, ಲಿನಕ್ಸಿನದಲ್ಲದಿದ್ದರೂ, ಒಂದು ಪ್ರಸಿದ್ಧ ನಿದರ್ಶನವುಂಟು. ೨೦೧೮ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ತೆಲುಗು ಲಿಪಿಯ 'ಜ್ಞಾ' ಎಂಬ ಸಂಯುಕ್ತಾಕ್ಷರದ ಒಂದು ರೂಪವು ಆ್ಯಪಲ್ ಫೋನುಗಳಲ್ಲಿ ತೋರಿದೊಡನೆ ತಂತ್ರಾಂಶವು ಬೀಳುತ್ತಿತ್ತು. ಜಕಾರ, ವಿರಾಮ, ಞಕಾರಗಳ ಬಳಿಕ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಚಿಹ್ನೆಯೂ ಆ ಮೇಲೆ ಆಕಾರವೂ ಬಂದಾಗ ಅದನ್ನು ಹೇಗೆ ಕೂಡಿಸಿ ಬರೆಯಬೇಕೆಂಬದು ಯಂತ್ರಕ್ಕೆ ತಿಳಿಯಲಿಲ್ಲ. ಸಂದೇಶದ ಪಟ್ಟಿಯಲ್ಲಿ ಆ ಅಕ್ಷರವು ಕುಳಿತಿದ್ದರೆ, ತೆರೆದಾಗಲೆಲ್ಲ ತಂತ್ರಾಂಶವು ಅದನ್ನೇ ಮೊದಲು ಓದಿ ಮತ್ತೆ ಬೀಳುವದು! ಅದೇ ತಿಂಗಳ ೧೯ರಂದು ತಿದ್ದುಪಡಿಯು ಬಂದಿತು. ಜ್ಞಾನದ ಆದಿಯಕ್ಷರವೇ ಯಂತ್ರದ ಪ್ರಜ್ಞೆಯನ್ನು ತಪ್ಪಿಸಿದ್ದು ನನಗಂತೂ ಮರೆಯದ ಸಂಗತಿ.

ಲಿನಕ್ಸಿನಲ್ಲಿ ನಮ್ಮ ಅಕ್ಷರಗಳನ್ನು ಹೀಗೆ ಕೂಡಿಸುವ ಕೆಲಸವನ್ನು ಹೆಚ್ಚಾಗಿ ಹಾರ್ಫ್‌ಬಜ್ ಎಂಬ ಗ್ರಂಥಾಲಯವು ಮಾಡುವದು. ಅದರ ದೋಷವಾಗಲಿ, ಕನ್ನಡ ಭಾಷಾಂತರದ ದೋಷವಾಗಲಿ, ಹೆಲ್ಸಿಂಕಿಯಲ್ಲಿಯೋ ಬರ್ಲಿನಿನಲ್ಲಿಯೋ ಕುಳಿತು ಇಂಗ್ಲೀಷಿನಲ್ಲಿ ಯಂತ್ರವನ್ನು ನಡೆಯಿಸುವವನ ಕಣ್ಣಿಗೆ ಬೀಳುವದು ಹೇಗೆ? ಕನ್ನಡವನ್ನು ಬಳಸುವವನೇ ಅದನ್ನು ತಿಳಿಸಬೇಕು. ಬಹುತೇಕ ಸ್ವತಂತ್ರ ತಂತ್ರಾಂಶಗಳಿಗೆ ದೋಷಗಳನ್ನು ವರದಿ ಮಾಡುವ ಸಾರ್ವಜನಿಕ ದಫ್ತರಗಳಿವೆ. ಬರೆಯುವಾಗ ವ್ಯವಸ್ಥೆಯ ಹೆಸರು ಮತ್ತು ಆವೃತ್ತಿ, ತಂತ್ರಾಂಶದ ಆವೃತ್ತಿ, ಅದನ್ನು ಎಲ್ಲಿಂದ ತಂದು ಹಾಕಿದಿರೆಂಬದು, ಟರ್ಮಿನಲಿನ ಕಡೆಯ ಮಾತು, ಹೊಸ ಹೆಸರಿನಲ್ಲಿ ತೆರೆಯಿತೋ ಇಲ್ಲವೋ ಎಂಬದು, ಎಂದಿನಿಂದ ತೊಡಗಿತೆಂಬದು, ಇಷ್ಟಿರಲಿ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯು ತೋರುವ ದಿನಚರಿಯಿಂದ ಆ ಗಳಿಗೆಯ ಸಾಲುಗಳನ್ನು ಲಗತ್ತಿಸಬಹುದು. ಕೋರ್‌ಡಂಪ್‌ಸಿಟಿಎಲ್ ಇರುವ ಯಂತ್ರದಲ್ಲಿ ಬಿದ್ದ ತಂತ್ರಾಂಶಗಳ ಪಟ್ಟಿಯೂ ದೊರೆಯುವದು. ಆದರೆ ಆ ಸಾಲುಗಳಲ್ಲಿ ನಿಮ್ಮ ಹೆಸರು, ಮನೆಯ ಕಡತಗಳ ಹೆಸರುಗಳು ನುಸುಳಿರುವದುಂಟು. ಕಳಿಸುವ ಮುನ್ನ ಒಮ್ಮೆ ಓದಿ ಅವನ್ನು ಅಳಿಸಿರಿ. ಕೋರ್ ಎಂಬ ದೊಡ್ಡ ಕಡತದಲ್ಲಂತೂ ಬೀಳುವ ಗಳಿಗೆಯಲ್ಲಿ ತಂತ್ರಾಂಶದ ಸ್ಮೃತಿಯಲ್ಲಿದ್ದುದೆಲ್ಲ, ಗುಪ್ತಶಬ್ದಗಳು ಸಹ, ಇರಬಹುದಾದ್ದರಿಂದ ಅದನ್ನು ಸಾರ್ವಜನಿಕ ದಫ್ತರಕ್ಕೆ ಏರಿಸಲೇಬಾರದು.